ಮೋಟಾರ್‌ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್: ಕೋಲಾರ ಸೀಮೆಯಲ್ಲಿ ಬಿರುಕು ಮತ್ತು ದುರಸ್ತಿ

ಮೋಟಾರ್‌ಸೈಕಲ್ಲಿನ ಹಿಂಚಕ್ರವನ್ನು ಮೇಲಿನಿಂದ ಮುಚ್ಚುವ ಬಾಗಿದ ಹೊದಿಕೆಗೆ ಹಿಂದಿನ ಮಡ್‌ಗಾರ್ಡ್ ಎಂದು ಹೆಸರು. ಚಕ್ರ ಎರಚುವ ಕೆಸರು, ನೀರು, ಜಲ್ಲಿಕಲ್ಲುಗಳು ಸವಾರನ ಬೆನ್ನಿಗೂ ಹಿಂದೆ ಬರುವವರ ಮುಖಕ್ಕೂ ಸಿಡಿಯದಂತೆ ತಡೆಯುವುದು ಅದರ ಮೂಲ ಕೆಲಸ. ಟೈಲ್ ಲ್ಯಾಂಪ್, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್, ನಂಬರ್ ಪ್ಲೇಟ್‌ಗಳನ್ನು ಹಿಡಿದುಕೊಳ್ಳುವುದು ಆಮೇಲೆ ಅದರ ಪಾಲಿಗೆ ಬಂದ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೂ ಒಂದು ಕೆಲಸ ಅದರ ಮೇಲೆ ಬಿದ್ದಿದೆ, ಹೊರೆ ಹೊರುವುದು. ಈ ಕೆಲಸಕ್ಕಾಗಿ ಅದನ್ನು ಯಾರೂ ರೂಪಿಸಿಲ್ಲ. ಈ ಭಾಗದ ಗ್ಯಾರೇಜುಗಳಿಗೆ ಬಿರುಕು ಬಿಟ್ಟ ಮಡ್‌ಗಾರ್ಡ್‌ಗಳು ಬರುವುದಕ್ಕೆ ಇದೇ ದೊಡ್ಡ ಕಾರಣ. ಬಿರುಕನ್ನು ಬೆಸೆಯುವುದು ಅರ್ಧ ಕೆಲಸ ಮಾತ್ರ. ಅದನ್ನು ಹುಟ್ಟಿಸಿದ ಸಡಿಲ ಬೋಲ್ಟು, ಕಳೆದುಹೋದ ರಬ್ಬರು, ತಪ್ಪು ಜಾಗಕ್ಕೆ ಕಟ್ಟಿದ ಹೊರೆ ಹಾಗೇ ಉಳಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ.

ರಚನೆ ಮತ್ತು ವಸ್ತು

ಹಳೆಯ ಗಾಡಿಗಳ ಮಡ್‌ಗಾರ್ಡ್ ಉಕ್ಕಿನ ತಗಡಿನದು. 1955ರಿಂದ ಮದರಾಸಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ ಮತ್ತು ಯೆಜ್ದಿ, ಇವೆಲ್ಲ ಅಗಲವಾದ, ಆಳವಾದ ತಗಡಿನ ಮಡ್‌ಗಾರ್ಡ್ ಹೊತ್ತವು. ಒತ್ತಿ ಬಾಗಿಸಿದ ತಗಡಿಗೆ ಅಂಚಿನಲ್ಲಿ ಮಡಿಕೆ ಕೊಟ್ಟಿರುತ್ತಾರೆ. ಆ ಮಡಿಕೆಯಿಂದಲೇ ತೆಳು ತಗಡಿಗೆ ಬಿಗಿ ಬರುವುದು. ಇಕ್ಕೆಲಗಳಲ್ಲಿ ಚೌಕಟ್ಟಿಗೆ ಕೂಡಿಸುವ ಸಲಾಕೆಗಳಿರುತ್ತವೆ. ಇಂಥ ಗಾಡಿಗಳಲ್ಲಿ ಹಿಂದಿನ ಸೀಟಿನ ಭಾರ ಸ್ವಲ್ಪಮಟ್ಟಿಗೆ ಮಡ್‌ಗಾರ್ಡ್‌ಗೂ ತಾಗುವುದುಂಟು. ಹಾಗಾಗಿ ಅವುಗಳಲ್ಲಿ ಮಡ್‌ಗಾರ್ಡ್ ಬಿರುಕು ಬಿಟ್ಟಿತೆಂದರೆ ಅದು ಬರೀ ಅಂದಗೇಡಿನ ಸಂಗತಿಯಲ್ಲ, ಕೂತವರ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ್ದು.

ಮೋಟಾರ್‌ಸೈಕಲ್ಲಿಗೆ ಪ್ಲಾಸ್ಟಿಕ್ ಹೊದಿಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1958ರ ಹೋಂಡಾ ಸೂಪರ್ ಕಬ್‌ನಿಂದ. ಅದರ ಮುಂದಿನ ಮಡ್‌ಗಾರ್ಡ್ ಮತ್ತು ಕಾಲಿನ ಗುರಾಣಿಯನ್ನು ಪಾಲಿಎಥಿಲೀನ್‌ನಿಂದ ಮಾಡಿದ್ದರು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಗಾಡಿಗಳ ಹಿಂದಿನ ಮಡ್‌ಗಾರ್ಡ್ ಹೆಚ್ಚಾಗಿ ಪಾಲಿಪ್ರೊಪಿಲೀನಿನದು, ಟೈಲ್ ಲ್ಯಾಂಪಿನ ಸುತ್ತಲಿನ ಹೊಳಪಿನ ಭಾಗಗಳು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ಸೀಟು ಮತ್ತು ಹಿಂಬದಿ ಸವಾರರ ಭಾರವನ್ನು ಇವುಗಳಲ್ಲಿ ಉಕ್ಕಿನ ಚೌಕಟ್ಟು ಹೊರುತ್ತದೆ. ಮಡ್‌ಗಾರ್ಡ್ ಹೊರಬೇಕಾದದ್ದು ತನ್ನ ತೂಕ ಮತ್ತು ದೀಪ, ಫಲಕಗಳ ತೂಕ, ಅಷ್ಟೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಹೋಂಡಾದ ದ್ವಿಚಕ್ರ ವಾಹನ ಕಾರ್ಖಾನೆ ನಡೆಯುತ್ತಿದೆ. ಮಾಲೂರಿನ ದಕ್ಷಿಣಕ್ಕೆ ಗಡಿ ದಾಟಿದರೆ ಹೊಸೂರಿನಲ್ಲಿ ಟಿವಿಎಸ್ ಕಾರ್ಖಾನೆ ಇದೆ. ಒಂದು ಕಡೆ ಹೊಸ ಗಾಡಿಗಳು ಸಾಲುಸಾಲಾಗಿ ಲಾರಿ ಹತ್ತುತ್ತವೆ, ಅಲ್ಲಿಂದ ಕೆಲವೇ ಮೈಲಿ ದೂರದ ಹಳ್ಳಿಯಲ್ಲಿ ಹದಿನೈದು ವರ್ಷ ದುಡಿದ ಗಾಡಿ ತಂತಿ ಕಟ್ಟಿಸಿಕೊಂಡು ಓಡುತ್ತದೆ. ಈ ಸೀಮೆಯ ದುರಸ್ತಿಗಾರ ಎರಡನ್ನೂ ಬಲ್ಲವನಾಗಬೇಕು.

ಮಡ್‌ಗಾರ್ಡನ್ನು ಚೌಕಟ್ಟಿಗೆ ಕೂಡಿಸುವ ವಿಧಾನವನ್ನು ಅರಿಯದೆ ಬಿರುಕನ್ನು ಅರಿಯಲಾಗದು. ಬೋಲ್ಟು ತೂರುವ ತೂತಿನಲ್ಲಿ ಒಂದು ರಬ್ಬರ್ ಬುಷ್ ಇರುತ್ತದೆ, ಆ ರಬ್ಬರಿನ ಒಳಗೆ ಒಂದು ಸಣ್ಣ ಉಕ್ಕಿನ ಕೊಳವೆ. ಬೋಲ್ಟನ್ನು ಎಷ್ಟೇ ಬಿಗಿದರೂ ಬಿಗಿತ ಈ ಕೊಳವೆಯ ಮೇಲೆ ನಿಲ್ಲುತ್ತದೆ, ಮಡ್‌ಗಾರ್ಡ್ ಮಾತ್ರ ರಬ್ಬರಿನ ನಡುವೆ ಕೂದಲೆಳೆಯಷ್ಟು ಆಡುತ್ತಿರುತ್ತದೆ. ಎಂಜಿನ್ನಿನ ನಡುಕ, ರಸ್ತೆಯ ಕುಲುಕಾಟ ಆ ಸಣ್ಣ ಆಟದಲ್ಲಿ ಸವೆದುಹೋಗುತ್ತವೆ. ಚಕ್ರ ಬಿಚ್ಚಲೆಂದೋ ವೈರಿಂಗ್ ನೋಡಲೆಂದೋ ಮಡ್‌ಗಾರ್ಡ್ ಕಳಚಿದಾಗ ಈ ಕೊಳವೆ ನೆಲಕ್ಕೆ ಬಿದ್ದು ಮಾಯವಾಗುತ್ತದೆ. ಅದರ ಜಾಗಕ್ಕೆ ಒಂದು ವಾಷರ್ ಹಾಕಿ ಬಲವಾಗಿ ತಿರುಗಿಸಿ ಕಳಿಸಿದರೆ ಗಾಡಿ ಹೊರಡುವಾಗ ಏನೂ ವ್ಯತ್ಯಾಸ ಕಾಣದು. ಆದರೆ ರಬ್ಬರು ಹಿಸುಕಿಹೋಗಿ ಪ್ಲಾಸ್ಟಿಕ್ಕು ನೇರವಾಗಿ ಉಕ್ಕಿಗೆ ಕಚ್ಚಿಕೊಂಡಿರುತ್ತದೆ. ಮುಂದಿನ ಪ್ರತಿಯೊಂದು ಕುಲುಕಾಟವೂ ಆ ತೂತಿನ ಅಂಚಿಗೆ ಹೋಗಿ ಸೇರುತ್ತದೆ. ಕೆಲವೇ ರೂಪಾಯಿಯ ಆ ಕೊಳವೆ ಇಡೀ ಮಡ್‌ಗಾರ್ಡಿನ ಆಯಸ್ಸನ್ನು ಹಿಡಿದಿರುವಷ್ಟು ಮುಖ್ಯವಾದುದು. ಬಿಚ್ಚಿದ ಕೂಡಲೇ ಅವನ್ನೆಲ್ಲ ಒಂದು ಡಬ್ಬಿಗೆ ಹಾಕಿಟ್ಟುಕೊಳ್ಳುವ ಮೆಕ್ಯಾನಿಕ್ಕನ ಬಳಿ ಗಾಡಿ ಬಿಡುವುದು ಒಳ್ಳೆಯದು.

ಬಿರುಕು ಹುಟ್ಟುವ ಬಗೆ

ಒಂದೇ ಏಟಿಗೆ ಮುರಿದ ಮಡ್‌ಗಾರ್ಡ್ ಬೇರೆ, ಬಿರುಕು ಬಿಟ್ಟ ಮಡ್‌ಗಾರ್ಡ್ ಬೇರೆ. ಮೊದಲನೆಯದು ಬಿದ್ದಾಗ, ಗುದ್ದಿದಾಗ ಆಗುವಂಥದು. ಎರಡನೆಯದು ದಣಿವಿನಿಂದ ಬರುವುದು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಯಾವುದೋ ಒಂದು ಬಗ್ಗಿಗೆ ಅದು ತುಂಡಾಗುವ ಹಾಗೆ, ಒಮ್ಮೆಗೆ ಏನೂ ಮಾಡಲಾಗದ ಸಣ್ಣ ಎಳೆತವೇ ಲಕ್ಷಾಂತರ ಸಲ ಮರುಕಳಿಸಿ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಸೀಳುತ್ತದೆ. ಒಂಟಿ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ ಅದರ ಪಿಸ್ಟನ್ ಅಷ್ಟೇ ಸಲ ಮೇಲೆ ಕೆಳಗೆ ಹೋಗಿ ಚೌಕಟ್ಟನ್ನು ಅದುರಿಸುತ್ತದೆ. ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿ.ಮೀ. ದಾರಿ. ನಲವತ್ತು ನಿಮಿಷದ ಆ ಒಂದು ಸವಾರಿಯಲ್ಲೇ ಮಡ್‌ಗಾರ್ಡ್ ಒಂದೂವರೆ ಲಕ್ಷಕ್ಕೂ ಹೆಚ್ಚು ಸಲ ನಡುಗಿರುತ್ತದೆ. ಬಿರುಕು ದಿನಗಳಲ್ಲಲ್ಲ, ತಿಂಗಳುಗಳಲ್ಲಿ ಬೆಳೆಯುವುದು, ಕಣ್ಣಿಗೆ ಬೀಳುವ ಹೊತ್ತಿಗೆ ಬಹುದೂರ ಸಾಗಿರುವುದು ಇದರಿಂದಲೇ.

ಅದು ಹುಟ್ಟುವ ತಾಣಗಳು ಹೆಚ್ಚುಕಡಿಮೆ ನಿಗದಿಯಾಗಿವೆ: ಬೋಲ್ಟಿನ ತೂತಿನ ಅಂಚು, ವೈರು ತೂರಿಸಲು ಕೊಯ್ದ ಕಿಂಡಿಯ ಚೂಪು ಮೂಲೆ, ತಗಡಿಗೆ ಸಲಾಕೆ ಬೆಸೆದ ಚುಕ್ಕಿಯ ಸುತ್ತ, ಸೀಟಿನ ಹಿಂದೆ ಮಡ್‌ಗಾರ್ಡ್ ಚೌಕಟ್ಟನ್ನು ಬಿಟ್ಟು ಹೊರಚಾಚುವ ಕತ್ತು. ಈ ಕತ್ತಿನ ಹಿಂದಿನ ಭಾಗಕ್ಕೆ ಆಸರೆಯಿಲ್ಲ. ದೀಪ, ಫಲಕ, ಅದರ ಸುತ್ತ ಅಲಂಕಾರಕ್ಕೆಂದು ಹಾಕಿಸಿದ ಉಕ್ಕಿನ ಫ್ರೇಮು, ಇವೆಲ್ಲ ತುದಿಯಲ್ಲಿ ತೂಗಾಡುತ್ತ ಕತ್ತನ್ನು ಎಳೆಯುತ್ತವೆ. ಅಂಗಡಿಯವರು ನೂರಿನ್ನೂರು ಗ್ರಾಂ ತೂಕದ ಫ್ರೇಮನ್ನು ಉಚಿತವಾಗಿ ಕೊಟ್ಟರೂ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಅದನ್ನು ಹಾಕಿಸದಿರುವುದೇ ಮೇಲು.

ಪ್ಲಾಸ್ಟಿಕ್ಕಿಗೆ ಇನ್ನೆರಡು ಶತ್ರುಗಳಿವೆ. ಒಂದು ಬಿಸಿಲು. ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗುವವರ ಗಾಡಿಗಳು ನಿಲ್ದಾಣದ ಆಚೆ ದಿನವಿಡೀ ಬಿಸಿಲಲ್ಲಿ ನಿಂತಿರುತ್ತವೆ. ಕಪ್ಪು ಪ್ಲಾಸ್ಟಿಕ್ ಬರಬರುತ್ತ ಬೂದುಬಣ್ಣಕ್ಕೆ ತಿರುಗಿ, ಮೇಲ್ಮೈ ಸೀಮೆಸುಣ್ಣದಂತೆ ಬೆರಳಿಗೆ ಅಂಟುತ್ತದೆ. ಬಾಗುವ ಗುಣ ಕಳೆದುಕೊಂಡ ಇಂಥ ಮಡ್‌ಗಾರ್ಡ್ ಬಿಸಿಗಾಳಿಯ ಬೆಸುಗೆಗೂ ಸರಿಯಾಗಿ ಒಗ್ಗುವುದಿಲ್ಲ. ಇನ್ನೊಂದು ರಾಸಾಯನಿಕ. ಪೆಟ್ರೋಲು, ಥಿನ್ನರು, ಬ್ರೇಕ್ ಆಯಿಲ್ ಎಬಿಎಸ್ ಭಾಗಗಳನ್ನು ಒಳಗಿಂದ ಸೀಳಿಸುತ್ತವೆ. ಬೋಲ್ಟು ಸಡಿಲವಾಗದಿರಲೆಂದು ಹಚ್ಚುವ ಲಾಕಿಂಗ್ ದ್ರವವೂ ಎಬಿಎಸ್‌ಗೆ ತಾಕಿದರೆ ಹಾಗೇ ಮಾಡುತ್ತದೆ. ಒಳ್ಳೆಯದಾಗಲೆಂದು ಹಚ್ಚಿದ ಹನಿಯಿಂದಲೇ ಬೋಲ್ಟಿನ ಸುತ್ತ ನಕ್ಷತ್ರದ ಆಕಾರದ ಬಿರುಕು ಎದ್ದ ಭಾಗಗಳು ಗ್ಯಾರೇಜುಗಳಲ್ಲಿ ಕಾಣಸಿಗುತ್ತವೆ. ಪಾಲಿಪ್ರೊಪಿಲೀನ್ ಇವನ್ನೆಲ್ಲ ಚೆನ್ನಾಗಿ ತಡೆದುಕೊಳ್ಳುತ್ತದೆ.

ನಾಲ್ಕು ತಾಲ್ಲೂಕುಗಳ ಹೊರೆ ಮತ್ತು ದಾರಿ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಕೊಳವೆಬಾವಿಗಳ ನೀರಿನಲ್ಲಿ ಇಲ್ಲಿನ ರೈತರು ಕಟ್ಟಿಕೊಂಡ ಬದುಕು ಹಾಲು, ರೇಷ್ಮೆ, ಟೊಮೆಟೊ, ಮಾವುಗಳದು. ಇವು ನಾಲ್ಕೂ ಹೊಲದಿಂದ ಮಾರುಕಟ್ಟೆಯ ದಾರಿಗೆ ಬರುವುದಕ್ಕೆ ಮೊದಲು ಎಷ್ಟೋ ಸಲ ಮೋಟಾರ್‌ಸೈಕಲ್ ಹತ್ತುತ್ತವೆ. ಟೆಂಪೊ, ಟ್ರ್ಯಾಕ್ಟರುಗಳು ನುಗ್ಗದ ಬದುವಿನ ದಾರಿಯಲ್ಲಿ ಟಿವಿಎಸ್ ಎಕ್ಸ್‌ಎಲ್ ಮೊಪೆಡ್, ನೂರು ಸಿಸಿಯ ಬೈಕು ಸಲೀಸಾಗಿ ಹೋಗುತ್ತವೆ. ಇಲ್ಲಿನ ಮಡ್‌ಗಾರ್ಡಿನ ಕಥೆ ಹೇಳುವಾಗ ಈ ರೈತರ ದುಡಿಮೆಯನ್ನು ಬಿಟ್ಟು ಹೇಳಲಾಗದು.

ಹಾಲಿನ ಲೆಕ್ಕ ನೋಡಿ. ದಿನಕ್ಕೆರಡು ಹೊತ್ತು ಊರಿನ ಡೇರಿಗೆ ಹಾಲು ಹಾಕಬೇಕು, ಹಬ್ಬವಿರಲಿ ಮಳೆಯಿರಲಿ ತಪ್ಪಿಸುವಂತಿಲ್ಲ. 40 ಲೀಟರಿನ ಕ್ಯಾನು ತುಂಬಿದರೆ ಹಾಲಿನ ತೂಕವೇ ಸುಮಾರು 41 ಕಿಲೊ, ಕ್ಯಾನಿನ ತೂಕ ಬೇರೆ. ಅದನ್ನು ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದಾಗ ಭಾರ ಹಿಂದಿನ ಆಕ್ಸಲಿಗಿಂತ ಹಿಂದಕ್ಕೆ ಬೀಳುತ್ತದೆ. ಗಾಡಿ ಗುಂಡಿಗೆ ಇಳಿದು ಏಳುವ ಕ್ಷಣದಲ್ಲಿ ಆ ಭಾರ ಇಮ್ಮಡಿಗೂ ಹೆಚ್ಚಾಗಿ ಕ್ಯಾರಿಯರನ್ನು ಒತ್ತುತ್ತದೆ. ಕ್ಯಾರಿಯರಿನ ಕಾಲುಗಳು ಚೌಕಟ್ಟಿನ ಬೋಲ್ಟುಗಳಿಗೆ, ಶಾಕ್ ಅಬ್ಸಾರ್ಬರಿನ ಮೇಲ್ತುದಿಗೆ ಬಂದು ಕೂತಿದ್ದರೆ ಚಿಂತೆಯಿಲ್ಲ. ಅಗ್ಗದ ಕ್ಯಾರಿಯರುಗಳಲ್ಲಿ ಹಿಂದಿನ ಕಾಲುಗಳನ್ನು ಮಡ್‌ಗಾರ್ಡಿಗೇ ತೂತು ಹೊಡೆದು ಕೂರಿಸಿರುತ್ತಾರೆ. ಆ ಗಾಡಿಯ ಮಡ್‌ಗಾರ್ಡ್ ಸೀಳುವುದು ಖಚಿತ. ಹಸುವಿಗೆ ಕೊಯ್ದ ಹಸಿಹುಲ್ಲಿನ ಹೊರೆ, ರೇಷ್ಮೆಹುಳುವಿಗೆ ಒಯ್ಯುವ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹಾಲಿನ ಕ್ಯಾನಿನಷ್ಟು ಒಂದೇ ಕಡೆ ಒತ್ತುವುದಿಲ್ಲ, ಆದರೆ ಅವು ಇಕ್ಕೆಲಕ್ಕೂ ಜೋತುಬಿದ್ದು ಟೈಲ್ ಲ್ಯಾಂಪನ್ನು, ಇಂಡಿಕೇಟರನ್ನು ಕೆಳಕ್ಕೆ ಜಗ್ಗುತ್ತವೆ. ಹಗ್ಗವನ್ನು ಮಡ್‌ಗಾರ್ಡಿನ ಅಂಚಿಗೆ ಸುತ್ತಿ ಬಿಗಿಯುವ ಅಭ್ಯಾಸ ಅದಕ್ಕೆ ಇನ್ನಷ್ಟು ಕೇಡು.

ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಬೆಲೆ ಕೂಗುವುದು 15 ಕಿಲೊ ಬಾಕ್ಸಿನ ಲೆಕ್ಕದಲ್ಲಿ. ತೋಟದಿಂದ ಟೆಂಪೊ ನಿಂತ ರಸ್ತೆಯವರೆಗೆ ಎರಡು ಮೂರು ಬಾಕ್ಸುಗಳನ್ನು ಬೈಕಿನಲ್ಲಿ ಸಾಗಿಸುವಾಗ ಕ್ಯಾನಿನಷ್ಟೇ ಭಾರ ಬಿದ್ದಂತಾಗುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಮೇ ತಿಂಗಳಿಂದ ಜುಲೈವರೆಗೆ. ಬಾದಾಮಿ, ರಸಪುರಿ, ಮಲ್ಲಿಕಾ ಮಂಡಿಗೆ ಬರುತ್ತವೆ, ತೋತಾಪುರಿ ಗಡಿಯಾಚೆ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೂ ಹೋಗುತ್ತದೆ. ಆ ಮೂರು ತಿಂಗಳು ಲಾರಿಗಳು ಓಡಾಡಿ ರಾಯಲ್ಪಾಡು, ರೋಣೂರು, ಯಲ್ದೂರಿನ ಕಡೆಯ ಹಳ್ಳಿದಾರಿಗಳ ಅಂಚು ಕುಸಿಯುತ್ತದೆ. ಎದುರಿಗೆ ಲಾರಿ ಬಂದಾಗ ಬೈಕು ಡಾಂಬರಿನಿಂದ ಕೆಳಗಿಳಿದು ಮತ್ತೆ ಹತ್ತುತ್ತದೆ, ಪ್ರತಿ ಸಲವೂ ಹಿಂಚಕ್ರಕ್ಕೆ ಗುದ್ದು. ಮಾಲೂರಿನಲ್ಲಿ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ಮಣ್ಣಿನ ಟ್ರ್ಯಾಕ್ಟರುಗಳು, ಟೇಕಲ್ ಕಡೆ ಕಲ್ಲಿನ ಟಿಪ್ಪರುಗಳು. ಅವು ಚೆಲ್ಲಿದ ಜಲ್ಲಿ ಟಯರಿಗೆ ಸಿಕ್ಕಿ ಮಡ್‌ಗಾರ್ಡಿನ ಒಳಮೈಗೆ ಬಡಿಯುತ್ತದೆ. ಮುಳಬಾಗಿಲಿನಿಂದ ನಂಗಲಿಯ ಕಡೆ ಹೆದ್ದಾರಿ ನುಣುಪಾಗಿದೆ. ಅಲ್ಲಿ ಗುದ್ದು ಕಡಿಮೆಯಾದರೂ ವೇಗ ಹೆಚ್ಚು, ಎಂಜಿನ್ ನಡುಕ ಹೆಚ್ಚು.

ಇದೆಲ್ಲದರ ಮೇಲೆ ಹಂಪುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪು 3.7 ಮೀಟರ್ ಅಗಲವಿದ್ದು ನಡುವೆ 10 ಸೆಂ.ಮೀ. ಮಾತ್ರ ಎತ್ತರವಿರಬೇಕು. ಊರವರೇ ಸೇರಿ ಮಕ್ಕಳ ಶಾಲೆಯ ಮುಂದೆ, ಗುಡಿಯ ಮುಂದೆ ಹಾಕಿಸಿದ ಕಿರಿದಾದ ಕಾಂಕ್ರೀಟು ದಿಬ್ಬಗಳಿಗೂ ಆ ಅಳತೆಗೂ ಸಂಬಂಧವಿಲ್ಲ. ಅವನ್ನು ಹಾಕಿಸಿದ ಕಾಳಜಿ ನಿಜವಾದದ್ದೇ. ಆದರೆ ಮುಂಚಕ್ರ ದಾಟಿದ ಕೂಡಲೇ ಥ್ರಾಟಲ್ ತಿರುವಿದರೆ ಹಿಂಚಕ್ರ ಹಾರಿ ಬಿದ್ದು, ಹೊತ್ತ ಹೊರೆಯ ಪೂರ್ತಿ ಗುದ್ದು ಮಡ್‌ಗಾರ್ಡಿನ ಕತ್ತಿಗೆ ಹೋಗುತ್ತದೆ. ಹಿಂಚಕ್ರವೂ ದಾಟುವವರೆಗೆ ವೇಗ ಏರಿಸದಿರುವುದು ಖರ್ಚಿಲ್ಲದ ಕಾಪು.

ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಕೆಂಪು ಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಒಣಗಿ ಗಟ್ಟಿಯಾಗುತ್ತದೆ. ತಗಡಿನ ಮಡ್‌ಗಾರ್ಡಿಗೆ ತುಕ್ಕು ಹಿಡಿಯುವುದು ಈ ಮೆತ್ತಿದ ಮಣ್ಣಿನ ಅಡಿಯಲ್ಲಿಯೇ, ಏಕೆಂದರೆ ತೇವ ಅಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಹೊರಗಿನ ಬಣ್ಣ ಚೆನ್ನಾಗಿದ್ದು ಒಳಗಿನಿಂದ ತಗಡು ಕಾಗದದಷ್ಟು ತೆಳುವಾಗಿರುವುದನ್ನು ಕೈಯಿಂದ ಒತ್ತಿದಾಗಲೇ ತಿಳಿಯಬಹುದು. ಗಾಡಿ ತೊಳೆಯುವಾಗ ಹೊಳಪಿನ ಟ್ಯಾಂಕಿಗಿಂತ ಮೊದಲು ಪೈಪನ್ನು ಹಿಂಚಕ್ರದ ಮೇಲಕ್ಕೆ ಹಿಡಿಯಬೇಕು.

ಪರೀಕ್ಷೆ

ಮಡ್‌ಗಾರ್ಡಿನ ತುದಿಯನ್ನು ಹಿಡಿದು ಮೆಲ್ಲಗೆ ಎತ್ತಿ ಇಳಿಸಿ ನೋಡಬೇಕು, ಸಡಿಲವಾಗಿದ್ದರೆ ಕಟಕಟ ಸದ್ದು ಬರುತ್ತದೆ. ಟೈಲ್ ಲ್ಯಾಂಪು ಗುಂಡಿ ಬಂದಾಗಲೆಲ್ಲ ಆರಿ ಹೊತ್ತಿಕೊಳ್ಳುವುದು, ಬಲ್ಬು ಪದೇಪದೇ ಸುಡುವುದು, ನಂಬರ್ ಪ್ಲೇಟು ಒಂದು ಕಡೆ ವಾಲುವುದು, ಇವೆಲ್ಲ ಬಿರುಕಿನ ಮೊದಲ ಸೂಚನೆಗಳು. ತಗಡಿನಲ್ಲಿ ಕೂದಲೆಳೆಯ ಬಿರುಕು ಎಲ್ಲಿಯವರೆಗೆ ಹೋಗಿದೆಯೆಂದು ತಿಳಿಯಲು ಹಳೆಯ ಉಪಾಯವೊಂದಿದೆ. ಜಾಗವನ್ನು ತೊಳೆದು ಒಣಗಿಸಿ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿನೊಳಗೆ ನಿಂತ ಎಣ್ಣೆ ಪುಡಿಗೆ ಏರಿ ಗೆರೆ ಎದ್ದು ಕಾಣುತ್ತದೆ. ಬೆಸುಗೆಗೆ ಮೊದಲು ಈ ಎಣ್ಣೆಯನ್ನು ಪೂರ್ತಿ ತೆಗೆಯಬೇಕು.

ಇನ್ನೂ ಓಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಬಿರುಕಿನ ಉದ್ದಕ್ಕಿಂತ ಅದರ ಜಾಗದಲ್ಲಿದೆ. ಹೊರ ಅಂಚಿನಲ್ಲಿ ಬೆರಳಗಲ ಸೀಳಿದ್ದರೆ ಎರಡು ದಿನ ತಾಳಬಹುದು. ಕತ್ತಿನಲ್ಲಿ ಅಡ್ಡಲಾಗಿ ಅರ್ಧದವರೆಗೆ ಸೀಳಿದ್ದರೆ, ಎರಡು ಬೋಲ್ಟಿನ ತೂತುಗಳು ಹರಿದಿದ್ದರೆ ಆ ಗಾಡಿಯನ್ನು ಓಡಿಸಬಾರದು. ಮುರಿದ ತುಂಡು ಕೆಳಗೆ ಬಾಗಿ ಟಯರಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರೆ ಹಿಂಚಕ್ರ ತಟ್ಟನೆ ಬಿಗಿದುಕೊಳ್ಳುತ್ತದೆ. ಹಿಂದೆ ಹೆಂಗಸರು, ಮಕ್ಕಳು ಕೂತಿರುವಾಗ ಹೆದ್ದಾರಿಯ ವೇಗದಲ್ಲಿ ಹಾಗಾದರೆ ಏನಾಗುವುದೆಂದು ಬಿಡಿಸಿ ಹೇಳಬೇಕಿಲ್ಲ. ತಂತಿ ಕಟ್ಟಿ ಓಡಿಸುವುದು ಮನೆಗೋ ಗ್ಯಾರೇಜಿಗೋ ಮೆಲ್ಲಗೆ ತಲುಪುವವರೆಗೆ ಮಾತ್ರ.

ತಗಡಿನ ದುರಸ್ತಿ

ಬಿರುಕಿನ ತುದಿಯಲ್ಲಿ ಸುಮಾರು 3 ಮಿ.ಮೀ. ತೂತು ಕೊರೆಯುವುದು ಮೊದಲ ಹೆಜ್ಜೆ. ಬಿರುಕಿನ ಚೂಪು ತುದಿಯೇ ಎಳೆತವನ್ನೆಲ್ಲ ಒಂದೆಡೆ ಸೇರಿಸಿ ಮುಂದಕ್ಕೆ ಹರಿಯುವಂತೆ ಮಾಡುತ್ತದೆ. ದುಂಡನೆಯ ತೂತಿಗೆ ಬಂದು ಸೇರಿದಾಗ ಎಳೆತ ಸುತ್ತಲೂ ಹಂಚಿಹೋಗಿ ಬಿರುಕು ನಿಲ್ಲುತ್ತದೆ. ಕಣ್ಣಿಗೆ ಕಾಣುವ ತುದಿಗಿಂತ ಒಂದೆರಡು ಮಿ.ಮೀ. ಆಚೆಗೆ ಕೊರೆಯಬೇಕು, ಏಕೆಂದರೆ ನಿಜವಾದ ತುದಿ ಕಣ್ಣಿಗಿಂತ ಮುಂದಿರುತ್ತದೆ. ವಿಮಾನ ದುರಸ್ತಿಯಲ್ಲೂ ಬಳಕೆಯಲ್ಲಿದ್ದ ಈ ಉಪಾಯವನ್ನು ಅವಸರದಲ್ಲಿ ಬಿಟ್ಟು ನೇರವಾಗಿ ಬೆಸೆದುಬಿಡುವುದು ಸಾಮಾನ್ಯ. ಒಂದು ನಿಮಿಷದ ಕೆಲಸ ಬಿಟ್ಟದ್ದಕ್ಕೆ ಆರು ತಿಂಗಳಲ್ಲಿ ಗಾಡಿ ಮತ್ತೆ ಅದೇ ಬಾಗಿಲಿಗೆ ಬರುತ್ತದೆ.

ಮಡ್‌ಗಾರ್ಡಿನ ತಗಡು ಒಂದು ಮಿ.ಮೀ. ಆಸುಪಾಸಿನದು. ಕಿಟಕಿಯ ಗ್ರಿಲ್ಲು, ಗೇಟು ಬೆಸೆಯುವ ಆರ್ಕ್ ವೆಲ್ಡಿಂಗ್ ಅಂಗಡಿಗೆ ಇದನ್ನು ಒಯ್ದರೆ ರಾಡು ತಾಗಿದಲ್ಲೆಲ್ಲ ತಗಡು ಉರಿದು ತೂತಾಗುತ್ತದೆ. ಇದಕ್ಕೆ ಸರಿಯಾದದ್ದು ಸಣ್ಣ ನಾಝಲಿನ ಗ್ಯಾಸ್ ವೆಲ್ಡಿಂಗ್ ಅಥವಾ ತೆಳು ತಂತಿಯ ಮಿಗ್ ವೆಲ್ಡಿಂಗ್. ಮಿಗ್‌ನಲ್ಲೂ ಒಂದೇ ಓಟಕ್ಕೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು, ನಡುವಿನ ಜಾಗ ತುಂಬುತ್ತ ಬರಬೇಕು. ಇಲ್ಲದಿದ್ದರೆ ಬಾಗು ತಿರುಚಿಕೊಂಡು ಟಯರಿಗೆ ತಾಗುವಂತಾಗುತ್ತದೆ. ಹಳೆಯ ಕೈಗಳು ಹಿತ್ತಾಳೆ ಕಡ್ಡಿಯಲ್ಲಿ ಬೆಸೆಯುವುದನ್ನು ಇಷ್ಟಪಡುತ್ತಾರೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ಹಿತ್ತಾಳೆ 900ರ ಸುಮಾರಿಗೇ ಹರಿಯುತ್ತದೆ. ತಗಡು ಕರಗದೆ, ತಿರುಚದೆ ಬಿರುಕಿನೊಳಕ್ಕೆ ಹಿತ್ತಾಳೆ ಇಳಿದು ಹಿಡಿಯುತ್ತದೆ. ಯೆಜ್ದಿ, ಹಳೆಯ ಬುಲೆಟ್ಟುಗಳಂಥ ಗಾಡಿಗಳ ಮೂಲ ತಗಡನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕ್ರೋಮ್ ಲೇಪವಿದ್ದರೆ ಬೆಸೆಯುವ ಜಾಗದಲ್ಲಿ ಅದನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಸತುವಿನ ಲೇಪದ ತಗಡನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಒಳಹೋದರೆ ಚಳಿಜ್ವರ ಬರುತ್ತದೆ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಮಾಡಬೇಕಾದ ಕೆಲಸ ಅದು.

ಬಿರುಕು ಬೋಲ್ಟಿನ ತೂತಿನ ಬಳಿಯಿದ್ದರೆ ಬೆಸುಗೆಯೊಂದೇ ಸಾಲದು. ಒಳಗಡೆ ಅದೇ ದಪ್ಪದ ತಗಡಿನ ಪಟ್ಟಿಯಿಟ್ಟು ಭಾರವನ್ನು ಅಗಲಕ್ಕೆ ಹಂಚಬೇಕು. ಪಟ್ಟಿಯ ಮೂಲೆಗಳನ್ನು ದುಂಡಗೆ ಕೊಯ್ಯದಿದ್ದರೆ ಆ ಮೂಲೆಯಿಂದಲೇ ಮುಂದಿನ ಬಿರುಕು ಹೊರಡುತ್ತದೆ. ತೀರ ದಪ್ಪ ಪಟ್ಟಿಯೂ ತಪ್ಪು, ಗಡಸು ಮತ್ತು ಮೆದು ಕೂಡುವ ಗಡಿಯಲ್ಲಿ ತಗಡು ಮುರಿಯುತ್ತದೆ. ಬೋಲ್ಟು ಹಾಕಿ ಪಟ್ಟಿ ಕೂಡಿಸುವುದಾದರೆ ಗುಂಡುತಲೆ ಟಯರಿನ ಕಡೆಗೂ ನಟ್ಟು ಮೇಲಕ್ಕೂ ಇರಬೇಕು. ತಿರುಗುಮುರುಗಾಗಿ ಹಾಕಿದ ಬೋಲ್ಟಿನ ಮೊನೆ, ಇಬ್ಬರು ಕೂತು ಗುಂಡಿಗೆ ಇಳಿದಾಗ ಟಯರನ್ನು ಸೀಳುತ್ತದೆ. ಕೆಲಸ ಮುಗಿದ ಮೇಲೆ ಇಬ್ಬರನ್ನು ಗಾಡಿಯ ಮೇಲೆ ಕೂರಿಸಿ ಜೋರಾಗಿ ಒತ್ತಿಸಿ, ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಅಂತರವನ್ನು ಕಣ್ಣಾರೆ ನೋಡದೆ ಗಾಡಿ ಕೊಡಬಾರದು.

ಬೆಸೆಯುವ ಮುನ್ನ ಮಡ್‌ಗಾರ್ಡನ್ನು ಗಾಡಿಯಿಂದ ಬಿಚ್ಚಿ ಬೇರೆ ಇಡಬೇಕು. ಬಿಚ್ಚುವ ತೊಂದರೆ ತಪ್ಪಿಸಲು ಗಾಡಿಯಲ್ಲೇ ಬೆಸೆಯುವುದು ಪ್ರಾಣಕ್ಕೆ ಎರವಾಗುವ ಅವಸರ: ಒಂದಡಿ ಮುಂದೆ ಪೆಟ್ರೋಲ್ ಟ್ಯಾಂಕು, ಮೇಲೆ ಸ್ಪಂಜಿನ ಸೀಟು, ಒಳಗೆ ಟೈಲ್ ಲ್ಯಾಂಪಿನ ವೈರು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇಂಧನವನ್ನು ಅಳೆದು ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಇರುವುದರಿಂದ, ಬೇರೆ ದಾರಿಯಿಲ್ಲದೆ ಗಾಡಿಯ ಮೇಲೆ ಎಲ್ಲಿ ಬೆಸೆದರೂ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಿಡಿಸಬೇಕು. ಕೊನೆಯಲ್ಲಿ ಒಳಮೈಗೆ ರೆಡ್ ಆಕ್ಸೈಡ್, ಅದರ ಮೇಲೆ ಕಾರಿನ ಅಡಿಗೆ ಬಳಿಯುವ ದಪ್ಪ ಕಪ್ಪು ಲೇಪ. ಹೊರಗೆ ಪಳಪಳ ಬಣ್ಣ ಬಳಿದು ಒಳಗೆ ಬರಿಗಬ್ಬಿಣ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು.

ಪ್ಲಾಸ್ಟಿಕ್ ದುರಸ್ತಿ

ಮಡ್‌ಗಾರ್ಡಿನ ಒಳಬದಿಯಲ್ಲಿ ಪಿಪಿ (ಪಾಲಿಪ್ರೊಪಿಲೀನ್) ಎಂದೋ ಎಬಿಎಸ್ ಎಂದೋ ಅಚ್ಚೊತ್ತಿರುತ್ತದೆ. ಅಚ್ಚು ಅಳಿಸಿಹೋಗಿದ್ದರೆ ಒಳಬದಿಯಿಂದ ಒಂದು ಚೂರು ಕೆತ್ತಿ ನೀರಿಗೆ ಹಾಕಬೇಕು. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಎಬಿಎಸ್ ಮುಳುಗುತ್ತದೆ. ಖನಿಜದ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದಾದ್ದರಿಂದ ಅನುಮಾನವಿದ್ದರೆ ಚೂರಿಗೆ ಬೆಂಕಿ ತಾಗಿಸಿ ನೋಡಬೇಕು: ಮೇಣದಬತ್ತಿಯ ವಾಸನೆ ಬಂದರೆ ಪಾಲಿಪ್ರೊಪಿಲೀನ್, ಕಪ್ಪು ಮಸಿ ಹೊಗೆ ಎದ್ದರೆ ಎಬಿಎಸ್. ಈ ಗುರುತಿಲ್ಲದೆ ಮುಂದಿನ ಕೆಲಸ ವ್ಯರ್ಥ. ಅಂಗಡಿಯಲ್ಲಿ ಸಿಗುವ ಯಾವ ಅಂಟೂ, ಎಂ-ಸೀಲ್ ಆಗಲಿ ಅರಾಲ್ಡೈಟ್ ಆಗಲಿ ಫೆವಿಕ್ವಿಕ್ ಆಗಲಿ, ಪಾಲಿಪ್ರೊಪಿಲೀನಿಗೆ ಬಹುಕಾಲ ಹಿಡಿಯುವುದಿಲ್ಲ. ಅದರ ಮೈಗೆ ಅಂಟು ಒಗ್ಗದು. ಮಡ್‌ಗಾರ್ಡಿನ ಮೇಲೆ ಎಂ-ಸೀಲಿನ ಗಡ್ಡೆ ಎದ್ದು ಕೂತ ಗಾಡಿಗಳನ್ನು ಎಲ್ಲ ಬಸ್ ನಿಲ್ದಾಣಗಳ ಬಳಿಯೂ ನೋಡಬಹುದು, ಅವುಗಳ ಅಡಿಯಲ್ಲಿ ಬಿರುಕು ಹಾಗೇ ಬೆಳೆಯುತ್ತಿರುತ್ತದೆ.

ಪಾಲಿಪ್ರೊಪಿಲೀನಿಗೆ ಬೇಕಾದದ್ದು ಬಿಸಿ. ತುದಿಯಲ್ಲಿ ತೂತು ಕೊರೆದು, ಬಿರುಕಿನ ಉದ್ದಕ್ಕೂ ದಪ್ಪದ ಮೂರನೆಯ ಎರಡು ಭಾಗದಷ್ಟು ಆಳಕ್ಕೆ ಇಳಿಜಾರು ಕಾಲುವೆ ತೆಗೆದು, ಬಿಸಿಗಾಳಿಯ ಗನ್ನಿನಿಂದ ಅಂಚುಗಳನ್ನೂ ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನೂ ಒಟ್ಟಿಗೆ ಮೆದುಗೊಳಿಸಿ ಒತ್ತುತ್ತ ಸಾಗಬೇಕು. ಪಾಲಿಪ್ರೊಪಿಲೀನ್ ಕರಗುವುದು 165 ಡಿಗ್ರಿಯ ಸುಮಾರಿಗೆ, ಗನ್ನಿನ ಗಾಳಿ 300 ಡಿಗ್ರಿಯ ಹತ್ತಿರ ಬೇಕು. ಎಬಿಎಸ್‌ಗೆ ಇನ್ನೂ ಸ್ವಲ್ಪ ಹೆಚ್ಚು. ಗುಜರಿಯಲ್ಲಿ ಸಿಗುವ ಅದೇ ಮಾದರಿಯ ಒಡೆದ ಮಡ್‌ಗಾರ್ಡಿನಿಂದ ಕೊಯ್ದ ಪಟ್ಟಿ ಕಡ್ಡಿಯಾಗಿ ಚೆನ್ನಾಗಿ ಒದಗುತ್ತದೆ. ಗನ್ ಇಲ್ಲದವರು ಸಾಲ್ಡರಿಂಗ್ ಐರನ್ನಿನಿಂದ ಅಂಚುಗಳನ್ನು ಬೆರೆಸಿ, ಒಳಬದಿಯಲ್ಲಿ ಸ್ಟೀಲಿನ ಸಣ್ಣ ಜಾಲರಿಯ ತುಂಡನ್ನು ಬಿಸಿಯಲ್ಲಿ ಒತ್ತಿ ಹೂಳುತ್ತಾರೆ. ಶುದ್ಧವಾಗಿ ಮಾಡಿದ ಈ ಕೆಲಸ ವರ್ಷಗಟ್ಟಲೆ ಬಾಳುತ್ತದೆ. ಬೆಸುಗೆಯ ಮೇಲೆ ನೀರು ಸುರಿದು ಆರಿಸಬಾರದು, ತಾನಾಗಿ ತಣಿಯಬೇಕು. ಕೋಣೆಯೊಳಗೆ ಕೂತು ಆ ಹೊಗೆ ಕುಡಿಯಬಾರದು.

ಎಬಿಎಸ್‌ಗೆ ಇನ್ನೊಂದು ಸುಲಭ ಮಾರ್ಗವಿದೆ. ಅದು ಅಸಿಟೋನಿನಲ್ಲಿ ಕರಗುತ್ತದೆ. ಅದೇ ಬಣ್ಣದ ಎಬಿಎಸ್ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನ್ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮಂದವಾದ ಗಂಜಿಯಾಗುತ್ತದೆ. ಒಳಬದಿಯಿಂದ ಬಿರುಕಿಗೆ ಇದನ್ನು ತುಂಬಿ ಒಂದೆರಡು ದಿನ ಒಣಗಲು ಬಿಟ್ಟರೆ ಸೀಳು ಒಂದಾಗುತ್ತದೆ. ಅಸಿಟೋನ್ ಪೆಟ್ರೋಲಿನಂತೆಯೇ ಬೇಗ ಬೆಂಕಿ ಹಿಡಿಯುವಂಥದು.

ಬೋಲ್ಟಿನ ತೂತೇ ಹರಿದುಹೋಗಿದ್ದರೆ ಬೆಸುಗೆಯ ಮೇಲೆ ಅಗಲವಾದ ವಾಷರ್, ಹೊಸ ರಬ್ಬರ್ ಬುಷ್, ಒಳಗೆ ಕೊಳವೆ ಮೂರೂ ಬೇಕು. ಕಂಪನಿಯ ಕೊಳವೆ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು ಕೊಯ್ಸಿಕೊಳ್ಳಬಹುದು. 2001ರವರೆಗೆ ಚಿನ್ನದ ಗಣಿ ನಡೆದ, 1964ರಲ್ಲಿ ಹುಟ್ಟಿದ ಬೆಮೆಲ್‌ನ ಕಾರ್ಖಾನೆ ಇರುವ ಈ ಜಿಲ್ಲೆಯಲ್ಲಿ ಒಂದು ಸಣ್ಣ ಕೊಳವೆ ಮಾಡಿಕೊಡುವ ಲೇತ್ ಹುಡುಕುವುದು ಕಷ್ಟವಲ್ಲ.

ಬದಲಿಸುವುದು, ಕಾನೂನು, ವಿಮೆ

ಬಿಸಿಲಿಗೆ ಬೆಳ್ಳಗಾಗಿ ಮುಟ್ಟಿದಲ್ಲೆಲ್ಲ ಒಡೆಯುವ ಪ್ಲಾಸ್ಟಿಕ್ಕು, ತುಕ್ಕಿನಿಂದ ಜರಡಿಯಾದ ತಗಡು, ಎರಡಕ್ಕಿಂತ ಹೆಚ್ಚು ಆಸರೆ ಬಿಂದುಗಳು ಮುರಿದದ್ದು, ಇವನ್ನು ಬದಲಿಸಿಯೇ ತೀರಬೇಕು. ಲೋಕಲ್ ಮಡ್‌ಗಾರ್ಡ್ ಕೊಳ್ಳುವಾಗ ಬೆಲೆಗಿಂತ ಮೊದಲು ತೂಕ, ದಪ್ಪ, ಬೋಲ್ಟಿನ ತೂತುಗಳ ಸುತ್ತ ಗಟ್ಟಿಗೊಳಿಸಿದ ಏಣುಗಳಿವೆಯೇ ಎಂಬುದನ್ನು ಹಳೆಯದರ ಜೊತೆ ಇಟ್ಟು ಹೋಲಿಸಬೇಕು. ತೂತು ಕೂಡದೆ ಎಳೆದು ಕೂರಿಸುವ ಮಡ್‌ಗಾರ್ಡ್ ಮೊದಲ ದಿನದಿಂದಲೇ ಎಳೆತದಲ್ಲಿರುತ್ತದೆ.

ಬಿರುಕು ಬಿಟ್ಟ ತುದಿಯನ್ನು ಕೊಯ್ದು ಹಾಕಿ ಮೊಂಡು ಮಾಡಿಸುವುದು ಹುಡುಗರಲ್ಲಿ ಹಬ್ಬಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ಸಾಧನ ಇರಲೇಬೇಕೆನ್ನುತ್ತದೆ. ಸೀರೆಯುಟ್ಟು ಒಂದು ಪಕ್ಕಕ್ಕೆ ಕೂರುವ ಹೆಂಗಸರಿಗೆ ಬಹಳ ಮುಖ್ಯವಾದ ನಿಯಮ ಇದು. ಸೀರೆ ಗಾರ್ಡ್ ಎಂದು ಕರೆಯುವ ಈ ಸಾಧನವನ್ನು ಕ್ಯಾನು ನೇತುಹಾಕಲು ಅಡ್ಡಿಯೆಂದು ಬಿಚ್ಚಿಸುವುದು ಕ್ಷಮಿಸಲಾಗದ ಉದಾಸೀನ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಗಾಡಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸಲು ಹೋದಾಗ ಹಿಂದಿನ ದೀಪ, ರಿಫ್ಲೆಕ್ಟರ್, ಫಲಕ ಇದ್ದಲ್ಲಿ ಇರಬೇಕಾಗುತ್ತದೆ.

2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶಿಸಿತು. ಕೋಲಾರದ ನೋಂದಣಿಯ, ಕೆಎ-07ರ ಹಳೆಯ ಗಾಡಿಗಳಿಗೆ ಬಂದ ಹೊಸ ಕೂಡಿಕೆ ಇದು. ಫಲಕವನ್ನು ಮತ್ತೆ ಬಳಸಲಾಗದ ಲಾಕಿನಿಂದ ಹಿಡಿಸಿರುತ್ತಾರೆ. ಮಡ್‌ಗಾರ್ಡ್ ಬದಲಿಸಲು ಆ ಲಾಕು ಒಡೆಯಬೇಕಾದರೆ ಅದನ್ನು ಸರಿಯಾಗಿ ಮತ್ತೆ ಹಾಕಿಸುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು. ಫಲಕ ಹೊತ್ತ ತುದಿಯೇ ಮುರಿದು ದಾರಿಯಲ್ಲಿ ಕಳೆದುಹೋದರೆ ಪೊಲೀಸ್ ದೂರು ಕೊಟ್ಟ ಮೇಲೆಯೇ ಬೇರೆ ಫಲಕ.

ವಿಮೆಯ ಸ್ವಂತ ಹಾನಿ ಪಾಲಿಸಿ ಅಪಘಾತದಿಂದ ಒಡೆದದ್ದಕ್ಕೆ ಕೊಡುತ್ತದೆ, ಸವೆತದಿಂದ ಬಂದ ಬಿರುಕಿಗೆ ಕೊಡುವುದಿಲ್ಲ. ಕೊಡುವಾಗಲೂ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ 50 ಶೇಕಡ, ಫೈಬರ್ ಗ್ಲಾಸಿಗೆ 30 ಶೇಕಡ ಸವಕಳಿ ಕಳೆಯುತ್ತಾರೆ. ಲೋಹದ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಲೆಕ್ಕ: ಮೊದಲ ಆರು ತಿಂಗಳು ಏನೂ ಇಲ್ಲ, ಐದು ವರ್ಷ ದಾಟಿದರೆ 40, ಹತ್ತು ದಾಟಿದರೆ 50 ಶೇಕಡ. ಮಡ್‌ಗಾರ್ಡ್ ಒಂದಕ್ಕಾಗಿ ಕ್ಲೇಮು ಮಾಡಿ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ಸಾಮಾನ್ಯವಾಗಿ ನಷ್ಟದ ವ್ಯವಹಾರ. ಹಳೆಯ ಮಡ್‌ಗಾರ್ಡನ್ನು ಗುಜರಿಗೆ ಹಾಕುವ ಮುನ್ನ ಅದರ ರಬ್ಬರುಗಳನ್ನೂ ಕೊಳವೆಗಳನ್ನೂ ಕಳಚಿಟ್ಟುಕೊಳ್ಳಬೇಕು. ಲೋಕಲ್ ಮಡ್‌ಗಾರ್ಡಿನ ಪೊಟ್ಟಣದಲ್ಲಿ ಅವು ಬರುವುದು ಅಪರೂಪ.